ಬಿದ್ದಲ್ಲೇ ಹತ್ತಿದ ದೊರೆ

ಎಲ್ಲಾರೂ ಹತ್ರ ಬನ್ನಿ, ಗಲಾಟೆ ಮಾಡ್ಬೇಡಿ. ಹೆಸರಿಗೆ ದೊರೆ, ಕುದುರೆ ಕಂಡ್ರೆ ಬೆವರೋನು, ಅಂಥ ಒಬ್ಬ ಮಹಾನುಭಾವ ಆಳ್ತಿದ್ದ ಕಡಗನಾಡಿನ ಕಥೆ ಹೇಳ್ತೀನಿ.

ಅವನ ಹೆಸರು ದುಗ್ಗರಾಯ. ಆ ನಾಡಲ್ಲಿ ಒಂದು ಪದ್ಧತಿ ಇತ್ತು. ವಿಜಯದಶಮಿ ದಿನ ದೊರೆ ಸವಾರಿ ಹೊರಡ್ಬೇಕು. ಹೊತ್ತು ಮುಳುಗೋದ್ರೊಳಗೆ ಎಷ್ಟು ನೆಲ ಸುತ್ತಿ ಬರ್ತಾನೋ ಅಷ್ಟು ಅವನ ರಾಜ್ಯ. ಬಿಟ್ಟುಹೋದ ನೆಲ ಪ್ರಧಾನಿ ಕೈಲಿರುತ್ತೆ. ಆಮೇಲೆ ಯಾರು ಕುದುರೆ ಹತ್ತಿ ಅದನ್ನ ಸುತ್ತಿ ಬರ್ತಾರೋ ಅವರಿಗೇ ಅದು.

ದುಗ್ಗರಾಯನ ತಾತ ಗುಡ್ಡದ ತನಕ ಸುತ್ತಿದ್ದ. ದುಗ್ಗರಾಯ ಮೀಸೆ ಚಿಗುರೋ ವಯಸ್ಸಲ್ಲಿ ತುಂಬಿದ ಸಭೇಲಿ ಎದ್ದು ನಿಂತು, "ನಾನು ಗುಡ್ಡದ ಆಚೆಗೂ ಹೋಗ್ತೀನಿ" ಅಂದ. ಅಂದಿದ್ದಕ್ಕೆ ದಿನಾ ಬೆಳಗ್ಗೆ ಕೆಂಚಿ ಅನ್ನೋ ಕುದುರೆ ಹತ್ತಿ ಕಲೀತಾನೂ ಇದ್ದ. ಚೆನ್ನಾಗೇ ಕಲೀತಿದ್ದ ಕಣ್ರೋ. ಒಂದಿನ ಕೆರೆ ಪಕ್ಕದ ಕಾಲುವೆ ಹಾರುವಾಗ ದಬಕ್ ಅಂತ ಬಿದ್ದ. ಕೆಸರಲ್ಲಿ. ಎಮ್ಮೆಗಳ ಮಧ್ಯೆ. ಮೂಳೆ ಮುರೀಲಿಲ್ಲ, ರುಮಾಲು ಮಾತ್ರ ಒದ್ದೆ ಆಯ್ತು. ಎಮ್ಮೆಗಳು ಒಂದ್ಸಲ ನೋಡಿ ಮೆಲುಕು ಹಾಕೋಕೆ ಶುರು ಮಾಡಿದ್ವು. ಅಷ್ಟಕ್ಕೇ ನಮ್ಮ ದೊರೆ ಮನೆ ಸೇರಿ ಕದ ಹಾಕ್ಕೊಂಡ.

ಪ್ರಧಾನಿ ಚೆನ್ನಿಗಯ್ಯ ಓಡಿ ಬಂದ. ಅವನ ನಾಲಿಗೆ ಬೆಣ್ಣೆ, ಕಣ್ಣು ಹದ್ದು.

"ಬುದ್ಧೀ, ತಪ್ಪು ನಿಮ್ಮದಲ್ಲ, ಜೀನಿಂದು. ಹೊಸ ಜೀನು ಮಾಡಿಸೋಣ. ಮುಂದಿನ ವರ್ಷ ಮೊದಲಿಂದ ಶುರು ಮಾಡೋಣ. ಈ ವರ್ಷಕ್ಕೆ ಪಲ್ಲಕ್ಕಿ ಇದೆಯಲ್ಲ."

ದೊರೆಗೆ ಹಾಲು ಕುಡಿದಷ್ಟು ಸಂತೋಷ. ಪಲ್ಲಕ್ಕಿ ಹೊತ್ತೋರು ಎಷ್ಟು ದೂರ ಹೋದಾರು? ಗುಡ್ಡ ಬಿಟ್ಟುಹೋಯ್ತು. ಅಲ್ಲಿ ಪ್ರಧಾನಿ ಬೇಲಿ ಎದ್ದಿತು.

ಮುಂದಿನ ವರ್ಷ ಹೊಸ ಜೀನು ಬಂತು. ಪ್ರಧಾನಿ, "ಬುದ್ಧೀ, ಮುಹೂರ್ತ ಸರಿಯಿಲ್ಲ" ಅಂದ. ಮತ್ತೆ ಪಲ್ಲಕ್ಕಿ. ಗದ್ದೆ ಬಯಲು ಬಿಟ್ಟುಹೋಯ್ತು. ಅಲ್ಲೂ ಬೇಲಿ.

ಅದರ ಮುಂದಿನ ವರ್ಷ ಇನ್ನೂ ಚಂದದ ಜೀನು ಬಂತು. "ಬುದ್ಧೀ, ಮೈ ಸ್ವಲ್ಪ ಭಾರ ಆಗಿದೆ, ಇಳಿಸಿಕೊಂಡು ಹತ್ತೋಣ" ಅಂದ ಪ್ರಧಾನಿ. ಅಂದೋನೇ ಹೋಳಿಗೆ ಬಡಿಸಿದ. ಮಾವಿನ ತೋಪೂ ಹೋಯ್ತು.

ಉಳಿದಿದ್ದು ಕೋಟೆ, ಪೇಟೆ ಬೀದಿ, ಕೆರೆ. ಈ ಸಲ ದೊರೆ ಅರಮನೆ ಸುತ್ತಿದ್ರೆ ಸಾಕು ಅಂತ ಪ್ರಧಾನಿ ಹೇಳಿಟ್ಟಿದ್ದ. ಆಗ್ಲೇ ಕೆರೆ ದಂಡೆ ಮೇಲೆ ಮುಳ್ಳು ತಂದು ರಾಶಿ ಹಾಕಿಸಿದ್ದ. ಕೆರೆ ಹೋದ್ರೆ ಊರೋರೆಲ್ಲ ಕುಡಿಯೋ ನೀರಿಗೂ ಅವನ ಕಾಲು ಹಿಡೀಬೇಕು. ವಿಜಯದಶಮಿ ಹಿಂದಿನ ದಿನ ನೀರಿಗೆ ಬಂದ ಹೆಂಗಸರು ಮುಳ್ಳು ನೋಡಿ ಸೀದಾ ಅರಮನೆ ಮುಂದೆ ಬಂದು ಖಾಲಿ ಕೊಡ ಬೋರಲು ಹಾಕಿ ಕೂತ್ರು.

ದೊರೆಗೆ ಮುಖ ಎತ್ತೋಕಾಗ್ಲಿಲ್ಲ. ಹಿಂದಿನ ಬಾಗಿಲಿಂದ ಲಾಯಕ್ಕೆ ಹೋದ. ಹೊಸ ಜೀನುಗಳಲ್ಲಿ ಇಲಿ ಮರಿ ಹಾಕಿತ್ತು. ಕೆಂಚಿ ಹುಲ್ಲು ತಿಂತಾ ಓರೆಗಣ್ಣಲ್ಲಿ ನೋಡ್ತು.

"ಯಾರಪ್ಪಾ ನೀನು? ಪಲ್ಲಕ್ಕಿ ದಿಂಬಾ?"

"ಕೆಂಚೀ, ಹಂಗನ್ಬೇಡ. ಸೋಮವಾರದಿಂದ ಮೊದಲಿಂದ ಶುರು ಮಾಡ್ತೀನಿ."

"ಅಯ್ಯೋ ಪುಣ್ಯಾತ್ಮ, ಎಷ್ಟು ಸಲ ಮೊದಲಿಂದ ಶುರು ಮಾಡ್ತೀಯ? ಶುರು ಮಾಡೋದ್ರಲ್ಲಿ ನಿನ್ನಂಥ ಶೂರ ಇಲ್ಲ ಬಿಡು. ಹತ್ತೋಕೆ ಬರುತ್ತಲ್ಲ?"

"ಬರುತ್ತೆ."

"ಓಡ್ಸೋಕೆ?"

"ಬರುತ್ತೆ."

"ಮತ್ತೆ ಮೊದಲಿಂದ ಯಾಕೆ? ಆ ಕಾಲುವೆ ತನಕ ನೀನು ಕಲಿತಾಗಿದೆ. ಬಾಕಿ ಇರೋದು ಕಾಲುವೆ ಆಚೆಗೆ. ನಡಿ ಅಲ್ಲಿಗೆ."

ದೊರೆ ಜೀನು ಹುಡುಕಿದ. "ಅದು ಇಲಿ ಮನೆ, ಬಿಡು" ಅಂತು ಕೆಂಚಿ. ಗೋಣಿಚೀಲ ಹಾಸ್ಕೊಂಡು ಹೋದ. ಹಾರಿದ, ಬಿದ್ದ. ಹಾರಿದ, ಬಿದ್ದ. ಮತ್ತೆ ಹಾರಿದ, ಮತ್ತೆ ಬಿದ್ದ. "ಎಮ್ಮೆಗಳು ನೋಡ್ತಾವೆ ಕಣೇ" ಅಂದ. "ಅವು ಆವತ್ತೇ ಮರೆತ್ವು. ನೀನೊಬ್ಬನೇ ಇನ್ನೂ ಜ್ಞಾಪಕ ಇಟ್ಕೊಂಡಿರೋನು" ಅಂತು ಕೆಂಚಿ. ದೊರೆ ಹಲ್ಲು ಕಚ್ಚಿ ಬಿದ್ದಲ್ಲಿಂದಲೇ ಹತ್ತಿದ. ಈ ಸಲ ಕಾಲುವೆ ಹಿಂದಾಯ್ತು.

ವಿಜಯದಶಮಿ ಬೆಳಗ್ಗೆ ಪ್ರಧಾನಿ ಪಲ್ಲಕ್ಕಿಗೆ ಮೆತ್ತನೆ ದಿಂಬು ಜೋಡಿಸ್ತಿದ್ದ. ನೋಡ್ತಾನೆ, ದೊರೆ ಕೆಂಚಿ ಮೇಲಿದ್ದಾನೆ, ಮೈಯೆಲ್ಲ ಕೆಸರು. ಪ್ರಧಾನಿ ಊರೋರ ಮುಂದೆ ಕಿಸಕ್ಕಂದ.

"ಬುದ್ಧೀ, ಇದೆಲ್ಲ ಆಡಿದಷ್ಟು ಸುಲಭ ಅಲ್ಲ."

"ಹೌದು ಪ್ರಧಾನಿಗಳೇ" ಅಂದ ದೊರೆ, ಕೆಳಗಿಳಿದ. "ನೀವೇ ಮೊದಲು ಹೋಗಿ. ಬಿಟ್ಟುಹೋದ ನೆಲಾನೆಲ್ಲ ಸುತ್ತಿ ಬನ್ನಿ, ಪದ್ಧತಿ ಪ್ರಕಾರ ಅದು ನಿಮ್ಮದೇ ಆಗ್ಲಿ."

ಪ್ರಧಾನಿ ಕಣ್ಣು ಮಿಂಚಿತು. ಆಮೇಲೆ ಕುದುರೆ ನೋಡಿದ, ಕೈಲಿದ್ದ ದಿಂಬು ಅವಚಿಕೊಂಡ.

"ಜೀನು ಸರಿಯಿಲ್ಲ, ಬುದ್ಧೀ."

"ನೀವು ತರಿಸಿದ್ದೇ ಇದಾವಲ್ಲ, ಆರಿಸ್ಕೊಳ್ಳಿ."

"ಮುಹೂರ್ತ..."

"ಇವತ್ತಿಂದು ನೀವೇ ಇಟ್ಟಿದ್ದು."

"ಮೈ ಸ್ವಲ್ಪ ಭಾರ..."

"ನನಗಿಂತಾನಾ?"

ಕೊಡ ಬೋರಲು ಹಾಕಿ ಕೂತಿದ್ದ ಹೆಂಗಸರಲ್ಲಿ ಒಬ್ಬಳು, "ಹತ್ತಯ್ಯಾ, ಬೇಲಿ ಹಾಕೋವಾಗ ಇಷ್ಟು ಯೋಚನೆ ಮಾಡಿದ್ಯಾ?" ಅಂದಳು. ಹಿಂದೆ ಸರಿಯೋಕೆ ಜಾಗ ಇಲ್ಲ. ಆಸೆ ಬೇರೆ ಬಿಡ್ತಿಲ್ಲ. ಹತ್ತಿದ.

ಕೆಂಚಿ ಎಷ್ಟು ಮರ್ಯಾದೆಯಿಂದ ನಡೀತು ಅಂದ್ರೆ, ಪ್ರಧಾನಿ ಮೀಸೆ ತಿರುವಿದ. ಊರೆಲ್ಲ ಹಿಂದೆ ಹಿಂದೆ. ಕಾಲುವೆ ಬಂತು. ಕೆಂಚಿ ಗಕ್ಕನೆ ನಿಂತ್ಕೊಂತು. ಪ್ರಧಾನಿ ನಿಲ್ಲಲಿಲ್ಲ. ಅವನೊಬ್ಬನೇ ಹಾರಿ ಕೆಸರಲ್ಲಿ ಅಂಗಾತ ಬಿದ್ದ. ಎಮ್ಮೆಗಳು ಒಂದ್ಸಲ ನೋಡಿದ್ವು.

ದೊರೆ ಕೇಳಿದ, "ಮತ್ತೆ ಹತ್ತುತ್ತೀರಾ?"

"ಮುಂದಿನ ವರ್ಷ ಬುದ್ಧೀ, ಮೊದಲಿಂದ..."

ಊರೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತು. ದೊರೆ ಹತ್ತಿದ, ಕಾಲುವೆ ಹಾರಿದ. ಕೆರೆ ಸುತ್ತಿದ, ತೋಪು ಸುತ್ತಿದ, ಗದ್ದೆ ಬಯಲು ಸುತ್ತಿದ, ಹೊತ್ತು ಮುಳುಗೋದಕ್ಕೆ ಸರಿಯಾಗಿ ವಾಪಸ್ ಬಂದ. ಪ್ರಧಾನಿಗೆ ಸಿಕ್ಕಿದ್ದು ಕೆಸರಲ್ಲಿ ಅವನ ಬೆನ್ನು ಒತ್ತಿದಷ್ಟು ಜಾಗ. ಅದ್ರಲ್ಲೂ ಸಂಜೆಗೆ ಎಮ್ಮೆ ಮಲಗಿತ್ತು. ಪ್ರಧಾನಿಕೆ ಹೋಯ್ತು. ಅವನು ಹಾಕಿಸಿದ್ದ ಮುಳ್ಳೆಲ್ಲ ಊರೋರ ಒಲೆ ಸೇರ್ತು.

ಗುಡ್ಡ? ಅದು ಆ ವರ್ಷ ಸಿಗ್ಲಿಲ್ಲ. ಮುಂದಿನ ವರ್ಷ ಸಿಕ್ತು. ಆಚೆ ಇಳಿಜಾರಲ್ಲಿ ದೊರೆ ಮತ್ತೆ ಬಿದ್ದನಂತೆ. ಕೆಂಚಿ, "ಮೊದಲಿಂದಾನಾ?" ಅಂತ ಕೇಳ್ತಂತೆ. ದೊರೆ ಬಿದ್ದಲ್ಲೇ ಹತ್ತಿದನಂತೆ.

ನೀತಿ ಇಷ್ಟೇ, ಕಿವಿಗೆ ಹಾಕ್ಕೊಳ್ಳಿ. ಕೈಬಿಟ್ಟ ಕೆಲಸಕ್ಕೆ ಹೊಸ ಜೀನೂ ಬೇಡ, ಹೊಸ ಮುಹೂರ್ತಾನೂ ಬೇಡ. ಎಲ್ಲಿ ಬಿಟ್ರೋ ಅಲ್ಲಿಂದಾನೇ ಹಿಡ್ಕೊಳ್ಳಿ. ನಾಳೆ ಮೊದಲಿಂದ ಮಾಡು ಅಂತ ಯಾರಾದ್ರೂ ಪ್ರೀತಿಯಿಂದ ಹೇಳಿದ್ರೆ, ಅವರು ಎಲ್ಲಿ ಬೇಲಿ ಹಾಕ್ತಿದ್ದಾರೆ ಅಂತ ಮೊದಲು ನೋಡಿ.