ಕೀಲು ಕಳೆದ ಗಾಲಿಗೂಡು

ಹತ್ರ ಬನ್ರೋ ಮಕ್ಳಾ. ಗಲಾಟೆ ಮಾಡ್ಬೇಡಿ. ನಂಗೂ ಸುಸ್ತು, ಈ ಕತೆಯ ಕೋಳಿಗೂ ಸುಸ್ತು.

ಕೋಳಿ ಹೆಸರು ಕೆಂಪಿ. ಅದನ್ನ ಸಾಕಿದೋಳು ಮಾದಜ್ಜಿ. ಹದ್ದಿನ ಕಾಟ ತಾಳ್ಲಾರ್ದೆ ಅಜ್ಜಿ ಒಂದು ಗಾಲಿಗೂಡು ಮಾಡಿಸಿದ್ಲು. ಮೇಲೆ ತಗಡು. ಸುತ್ತ ಬಲೆ. ಕೆಳಗೆ ತಳವೇ ಇಲ್ಲ. ದಿನಾ ಬೆಳಿಗ್ಗೆ ಅಜ್ಜಿ ಹಗ್ಗ ಹಿಡಿದು ಎಳೆಯೋಳು. ಗೂಡು ಹೊಸ ಹುಲ್ಲಿಗೆ ಉರುಳೋದು. ಕೆಂಪಿ, ಕೆಂಪಿ ಮರಿಗಳು ಗೂಡಿನ ಒಳಗೇ ನಡ್ಕೊಂಡು ಹೋಗೋವು.

ಒಂದು ದಿನ ಗಾಲಿಯ ಕೀಲು ಬಿದ್ದುಹೋಯ್ತು. ಹುಲ್ಲಲ್ಲಿ ಬಿತ್ತೋ, ಹಳ್ಳದಲ್ಲಿ ಬಿತ್ತೋ, ಹುಡುಕಿದ್ರೂ ಸಿಗಲಿಲ್ಲ. ಗಾಲಿ ಕಳಚಿತು. ಗೂಡು ನಿಂತಲ್ಲೇ ನಿಂತಿತು. ಒಳಗಿನ ಹುಲ್ಲೆಲ್ಲ ಮುಗೀತು. ಕಾಲಡಿ ಬರೀ ಹಿಕ್ಕೆ, ಹಿಕ್ಕೆ, ಹಿಕ್ಕೆ! ಥೂ! ಚಿಕ್ಕ ಮರಿ ಚುಮ್ಮಿ ರೆಕ್ಕೆ ಇಳಿಬಿಟ್ಟು ಕೂತುಬಿಡ್ತು. ಕೆಂಪಿ ಅಜ್ಜೀನ ಕೂಗ್ತು.

"ನಂಗೆ ಸೊಂಟ ಹಿಡಿದಿದೆ ಕಣೇ. ನೀನೇ ಹೋಗಿ ಹೊಸ ಕೀಲು ತಗೊಂಬಾ," ಅಂತ ಅಜ್ಜಿ ಗೂಡಿನ ಬಾಗಿಲು ತೆಗೆದ್ಲು.

ಕೆಂಪಿ ಕಮ್ಮಾರನ ಕುಲುಮೆಗೆ ಹೋಯ್ತು.

"ಆಚಾರಣ್ಣಾ, ಆಚಾರಣ್ಣಾ, ಕೀಲು ಕೊಡು. ಕೀಲಿಲ್ದೆ ಗೂಡು ಕದಲಲ್ಲ. ಗೂಡು ಕದಲ್ದೆ ಹುಲ್ಲಿಲ್ಲ. ಹುಲ್ಲಿಲ್ದೆ ಚುಮ್ಮಿಗೆ ಗೆಲುವಿಲ್ಲ."

ಆಚಾರಣ್ಣ ಆಕಳಿಸಿದ. "ಇದ್ದಲು ಮುಗಿದಿದೆ. ಕುಲುಮೆ ತಣ್ಣಗಿದೆ. ಇದ್ದಲು ತಾ, ಕೀಲು ತಗೋ."

ಉಸ್ಸಪ್ಪಾ! ಕೆಂಪಿ ಇದ್ದಲು ಸುಡೋ ದ್ಯಾವಣ್ಣನ ಹತ್ರ ಹೋಯ್ತು.

"ದ್ಯಾವಣ್ಣಾ, ದ್ಯಾವಣ್ಣಾ, ಇದ್ದಲು ಕೊಡು. ಇದ್ದಲಿಲ್ದೆ ಕೀಲಿಲ್ಲ. ಕೀಲಿಲ್ದೆ ಗೂಡು ಕದಲಲ್ಲ. ಗೂಡು ಕದಲ್ದೆ ಹುಲ್ಲಿಲ್ಲ. ಹುಲ್ಲಿಲ್ದೆ ಚುಮ್ಮಿಗೆ ಗೆಲುವಿಲ್ಲ."

"ಕೊಡ್ತಿದ್ದೆ ಕಣವ್ವ, ಯಾತರಲ್ಲಿ ತುಂಬ್ಲಿ? ನನ್ನ ಮಂಕರಿ ತಳ ಸುಟ್ಟುಹೋಗಿದೆ. ಮಂಕರಿ ತಾ, ಇದ್ದಲು ತಗೋ."

ಉಸ್ಸಪ್ಪಾ! ಕಾಲು ನೋವು. ಕೆಂಪಿ ಮಂಕರಿ ಹೆಣೆಯೋ ಕೇತಕ್ಕನ ಹತ್ರ ಹೋಯ್ತು.

"ಕೇತಕ್ಕಾ, ಕೇತಕ್ಕಾ, ಮಂಕರಿ ಕೊಡು. ಮಂಕರಿಯಿಲ್ದೆ ಇದ್ದಲಿಲ್ಲ. ಇದ್ದಲಿಲ್ದೆ ಕೀಲಿಲ್ಲ. ಕೀಲಿಲ್ದೆ ಗೂಡು ಕದಲಲ್ಲ. ಗೂಡು ಕದಲ್ದೆ ಹುಲ್ಲಿಲ್ಲ. ಹುಲ್ಲಿಲ್ದೆ ಚುಮ್ಮಿಗೆ ಗೆಲುವಿಲ್ಲ."

"ಬರಿಗೈಲಿ ಹೆಣೀಲಾ? ಬಿದಿರು ತಾ, ಮಂಕರಿ ತಗೋ."

ಉಸ್ಸಪ್ಪಾ! ಕಾಲು ನೋವು, ರೆಕ್ಕೆ ನೋವು. ಕೆಂಪಿ ಬಿದಿರುಮೆಳೆ ಹತ್ರ ಹೋಯ್ತು.

"ಮೆಳೆಯಮ್ಮಾ, ಮೆಳೆಯಮ್ಮಾ, ಬಿದಿರು ಕೊಡು. ಬಿದಿರಿಲ್ದೆ ಮಂಕರಿಯಿಲ್ಲ. ಮಂಕರಿಯಿಲ್ದೆ ಇದ್ದಲಿಲ್ಲ. ಇದ್ದಲಿಲ್ದೆ ಕೀಲಿಲ್ಲ. ಕೀಲಿಲ್ದೆ ಗೂಡು ಕದಲಲ್ಲ. ಗೂಡು ಕದಲ್ದೆ ಹುಲ್ಲಿಲ್ಲ. ಹುಲ್ಲಿಲ್ದೆ ಚುಮ್ಮಿಗೆ ಗೆಲುವಿಲ್ಲ."

"ಹೋಗೇ, ಹೋಗೇ!" ಅಂತು ಮೆಳೆ. "ನನ್ನ ಬುಡದಲ್ಲಿ ಸಾರವೇ ಇಲ್ಲ. ಒಂದು ಕಳಲೆ ಏಳ್ತಿಲ್ಲ. ಗೊಬ್ಬರ ತಾ, ಬಿದಿರು ತಗೋ."

ಕೆಂಪಿ ದಪ್ ಅಂತ ಕೂತುಬಿಡ್ತು. ಅಳು ಬಂತು. ಇನ್ನೂ ಎಷ್ಟು ಅಂತ ತಿರುಗೋದು? ಗೊಬ್ಬರಕ್ಕೆ ಯಾರನ್ನ ಕೇಳೋದು?

ತಲೆ ತಗ್ಗಿಸಿ ಅಳ್ತಾ ಅಳ್ತಾ ಕೆಂಪಿ ತನ್ನ ಕಾಲು ನೋಡ್ಕೊಂಡ್ತು. ಕಾಲಿಗೆ ಏನು ಮೆತ್ತಿತ್ತು?

ಹಿಕ್ಕೆ!

"ಅಯ್ಯೋ ನನ್ನ ಬುದ್ಧಿಗಿಷ್ಟು! ಗೊಬ್ಬರದ ಮೇಲೆ ಕೂತ್ಕೊಂಡೇ ಗೊಬ್ಬರ ಇಲ್ಲ ಅಂತ ಅಳ್ತಿದೀನಲ್ಲ!"

ಕೆಂಪಿ ಮನೆಗೆ ಓಡ್ತು. "ಅಜ್ಜೀ, ಮುರುಕು ಮೊರ ತಾ!" ಕೆಂಪಿ ಕೆದರ್ತು. ಅಜ್ಜಿ ಸೊಂಟ ಹಿಡ್ಕೊಂಡೇ ತುಂಬಿದ್ಲು, ನರಳ್ತಾನೇ ಹೊತ್ಲು.

ಮೆಳೆಗೆ ಗೊಬ್ಬರ ಸಿಕ್ತು, ಮೆಳೆ ಬಿದಿರು ಕೊಡ್ತು. ಕೇತಕ್ಕಂಗೆ ಬಿದಿರು ಸಿಕ್ತು, ಕೇತಕ್ಕ ಮಂಕರಿ ಕೊಟ್ಲು. ದ್ಯಾವಣ್ಣಂಗೆ ಮಂಕರಿ ಸಿಕ್ತು, ದ್ಯಾವಣ್ಣ ಇದ್ದಲು ಕೊಟ್ಟ. ಆಚಾರಣ್ಣಂಗೆ ಇದ್ದಲು ಸಿಕ್ತು, ಆಚಾರಣ್ಣ ಕೀಲು ಕೊಟ್ಟ.

ಅಜ್ಜಿ ಗಾಲಿ ಸಿಕ್ಕಿಸಿ ಕೀಲು ಹೊಡೆದ್ಲು. ಟಕ್! ಹಗ್ಗ ಹಿಡಿದ್ಲು.

"ನಡಿಯೇ ಕೆಂಪಿ, ಗೂಡು ಹೊರಡ್ತು."

"ನಾನು ನಡಿಯಲ್ಲ," ಅಂತು ಕೆಂಪಿ. ಹಾರಿ ತಗಡಿನ ಮೇಲೆ ಕೂತ್ಕೊಂಡ್ತು.

ಅಜ್ಜಿ ನೋಡಿದ್ಲು. "ಕೂತ್ಕೋ ತಾಯಿ," ಅಂದ್ಲು.

ಗಡಗಡ ಗಡಗಡ. ಗೂಡು ಹೊಸ ಹುಲ್ಲಿಗೆ ಹೋಯ್ತು. ಚುಮ್ಮಿ ಮೆಲ್ಲಗೆ ಎದ್ದು ನಿಂತಿತು. ಒಂದು ಎಸಳು ಕುಕ್ಕಿತು. ಇನ್ನೊಂದು ಕುಕ್ಕಿತು. ರೆಕ್ಕೆ ಪಟಪಟ ಬಡೀತು.

"ಅಮ್ಮಾ, ಹುಲ್ಲು! ಅಮ್ಮಾ, ನೋಡೇ!"

ಕೆಂಪಿ ನೋಡಲಿಲ್ಲ. ತಗಡಿನ ಮೇಲೆ ಕೂತಲ್ಲೇ ನಿದ್ದೆ ಹೋಗಿತ್ತು.