ಸಂಡಿಗೆಯ ಪಕ್ಕ ಬಿಸಿಲಿಗಿಟ್ಟ ಪವರ್ ಬ್ಯಾಂಕ್

ಊಹೆ ಮಾಡಿ ನೋಡೋಣ. ಸಂಸಾರದಲ್ಲಿ ಪಳಗಿದ ಒಬ್ಬ ಹೆಂಗಸು ಕೆಲಸಕ್ಕೆ ಬಾರದ ಪವರ್ ಬ್ಯಾಂಕೊಂದನ್ನು ಕಲ್ಲಿನಿಂದ ತಟ್ಟಿ, ಸಂಡಿಗೆಯ ಪಕ್ಕ ಬಿಸಿಲಿಗಿಟ್ಟಳು. ಏನಾಗಿರಬಹುದು? ನಗಬೇಡಿ. ನಿಮ್ಮಲ್ಲಿ ತಲೆ ನರೆತವರೆಲ್ಲ ಟಾರ್ಚಿನ ಸೆಲ್ಲುಗಳನ್ನು ಹೀಗೇ ತಟ್ಟಿ ಬಿಸಿಲಿಗೆ ಹಾಕಿದವರೇ. ಸಂಜೆಗೆ ಟಾರ್ಚು ಮತ್ತೆ ಮಿಣಮಿಣ ಅಂದಾಗ ಆಗುತ್ತಿದ್ದ ಸಂತೋಷ ಮೊಮ್ಮಕ್ಕಳಿಗೆ ಹೇಳಿದರೆ ಅರ್ಥವಾಗುವುದಿಲ್ಲ, ಬಿಡಿ.

ಅರಸೀಕೆರೆಯಲ್ಲಿ ರುಕ್ಮಿಣಮ್ಮ ಎಂಬಾಕೆ ಇದ್ದರು. ಸೆಲ್ಲಿಗೆ ಜೀವ ತರುವುದರಲ್ಲಿ ಅವರದು ಎತ್ತಿದ ಕೈ. ಒಂದು ಕಾಲದಲ್ಲಿ ಅಕ್ಕಪಕ್ಕದವರು ಸೊರಗಿದ ಸೆಲ್ಲುಗಳನ್ನು ಅವರ ಕೈಗೇ ತಂದುಕೊಡುತ್ತಿದ್ದರಂತೆ. ಗಂಡ ಶ್ರೀಕಂಠಯ್ಯನವರಿಗೆ ಮಂಡಿನೋವು, ಕಿವಿಯೂ ಮಂದ. ಜೊತೆಗೆ ಸೊಸೆ ಸುಧಾಮಣಿ. ಮಗ ಕೆಲಸದ ಮೇಲೆ ಹಾಸನಕ್ಕೆ ಹೋಗಿದ್ದ.

ಆ ಬೆಳಿಗ್ಗೆ ಕಿಟಕಿಯ ಮೂಲೆಯಲ್ಲಿ ಒಂದು ಮಣ್ಣಿನ ಕುಡಿಕೆಯೊಳಗೆ ಸೊಸೆಯ ಪವರ್ ಬ್ಯಾಂಕ್ ರುಕ್ಮಿಣಮ್ಮನ ಕಣ್ಣಿಗೆ ಬಿತ್ತು. ಅದು ಚಾರ್ಜ್ ನಿಲ್ಲಿಸಿಕೊಳ್ಳುತ್ತಿಲ್ಲ ಎಂದು ಸೊಸೆ ಗೊಣಗಿದ್ದು ನೆನಪಿತ್ತು. ಈಗಿನವರಿಗೆ ಎಲ್ಲವೂ ಎಸೆಯುವುದಕ್ಕೇ ಅಂದುಕೊಂಡರು. ಕೇಳಿದರೆ ಹುಡುಗಿ ನಗುತ್ತಾಳೆ. ಸರಿಮಾಡಿಯೇ ಕೈಗೆ ಕೊಟ್ಟರಾಯಿತು. ಗುಂಡುಕಲ್ಲು ತಂದು ಅಂಚಿಗೆ ತಟ್ಟಿದರು, ಅಲ್ಲಲ್ಲಿ ತಗ್ಗು ಬೀಳುವಷ್ಟು. ಸೆಲ್ಲಿಗೆ ಮಾಡುತ್ತಿದ್ದುದೂ ಅದನ್ನೇ.

ತಾರಸಿಯಲ್ಲಿ ಹಳೆಯ ಪಂಚೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಪಕ್ಕದಲ್ಲೇ ಚಾಪೆ ಹಾಸಿಕೊಂಡು, ಮಂಡಿಗೆ ಎಳ್ಳೆಣ್ಣೆ ಹಚ್ಚಿಕೊಂಡು, ಕಾಗೆ ಕಾಯಲು ಶ್ರೀಕಂಠಯ್ಯನವರು ಕೂತಿದ್ದರು. ಇದನ್ನೂ ನೋಡಿಕೊಳ್ಳಿ ಎಂದು ಸನ್ನೆಯಲ್ಲಿ ಹೇಳಿ, ರುಕ್ಮಿಣಮ್ಮ ಅದನ್ನು ಗಂಡನ ಮಂಡಿಯ ಹತ್ತಿರವೇ ಇಟ್ಟು ಇಳಿದು ಬಂದರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಳೆಯ ಸೆಲ್ಲು ಎಂದರೆ ಒಂದು ಸತುವಿನ ಡಬ್ಬಿ, ಒಳಗೆ ಕಪ್ಪು ಹಿಟ್ಟು, ನಡುವೆ ಒಂದು ಕಡ್ಡಿ. ಬಡಪಾಯಿ. ತಟ್ಟಿದರೂ ತಡೆದುಕೊಳ್ಳುತ್ತಿತ್ತು. ಹೊಸ ಲಿಥಿಯಂ ಬ್ಯಾಟರಿಯ ಸಂಗತಿಯೇ ಬೇರೆ. ಅಂಗೈಯಗಲದ ಜಾಗದಲ್ಲಿ ಎಷ್ಟೊಂದು ಶಕ್ತಿಯನ್ನು ಮಡಿಸಿಟ್ಟಿದ್ದಾರೆ ಅಂತೀರಿ! ನನಗಂತೂ ಅದನ್ನು ಕಂಡುಹಿಡಿದವರ ಬುದ್ಧಿಗೆ ಕೈಮುಗಿಯೋಣ ಅನ್ನಿಸುತ್ತದೆ. ಆದರೆ ಅದರ ಪದರಗಳ ನಡುವೆ ಇರುವುದು ಈರುಳ್ಳಿಯ ಒಳಪೊರೆಯಂಥ ತೆಳ್ಳನೆ ಪರದೆ. ಅದು ಹರಿದರೆ ಒಳಗೊಳಗೇ ಕಾವೇರುತ್ತದೆ. ಕಾವು ಇನ್ನಷ್ಟು ಕಾವನ್ನು ಕರೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಕಾಣುವ ತನಕ.

ಸ್ವಲ್ಪ ಹೊತ್ತಿಗೆ ಸುಧಾಮಣಿ ಅಡುಗೆಮನೆಗೆ ಬಂದಳು.

"ಅತ್ತೆ, ಕಿಟಕೀಲಿ ಕುಡಿಕೆ ಒಳಗೆ ಪವರ್ ಬ್ಯಾಂಕ್ ಇಟ್ಟಿದ್ದೆ. ನೋಡಿದ್ರಾ?"

"ಇಲ್ವಲ್ಲಮ್ಮ. ಯಾಕೆ?"

"ಊದಿಕೊಂಡಿತ್ತು. ಒತ್ತಬಾರದಂತೆ, ಬಿಸಿ ತಾಗಬಾರದಂತೆ. ಹೊತ್ತಿಕೊಂಡ್ರೆ ಹತ್ತಿರ ಇದ್ದೋರನ್ನ ಬಿಡಲ್ಲ ಅಂದ್ರು ಅಂಗಡಿಯವರು. ಅವರಿಗೇ ವಾಪಸ್ ಕೊಡೋಣ ಅಂತ ತೆಗೆದಿಟ್ಟಿದ್ದೆ."

ರುಕ್ಮಿಣಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇಲ್ಲ ಅಂದಾಗಿತ್ತು. ಬಾಯಿಂದ ಹೊರಟ ಸುಳ್ಳು ಎದುರಿಗೇ ನಿಂತಿತ್ತು. ಸುಮ್ಮನೆ ತಾನೇ ಮೇಲೆ ಹೋಗಿ ತಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಮೆಟ್ಟಿಲ ಕಡೆ ನಡೆದರು. ಬೆಳಿಗ್ಗೆ ಒಮ್ಮೆ ಹತ್ತಿಳಿದು ದಣಿದಿದ್ದ ಮಂಡಿ ಈಗ ಮೊದಲ ಮೆಟ್ಟಿಲಿಗೇ ಹಿಡಿಯಿತು. ಎರಡನೆಯದಕ್ಕೆ ಗೋಡೆ ಹಿಡಿದರು. ಮೇಲೆ ನೋಡಿದರೆ ಬಾಗಿಲಿನ ಬೆಳಕು ಎಷ್ಟೋ ದೂರದಲ್ಲಿತ್ತು. ಅಲ್ಲಿ ಕೂತವರಿಗೆ ಕೂಗಿದರೆ ಕೇಳಿಸುವುದಿಲ್ಲ. ಎದ್ದು ಓಡಲು ಕಾಲಿಲ್ಲ. ಮೈಮೇಲೆ ಎಣ್ಣೆ, ಸೊಂಟದಲ್ಲಿ ಹತ್ತಿಯ ಪಂಚೆ.

ಸೊಸೆ ನಗಲಿ, ಊರೇ ನಗಲಿ.

"ಸುಧಾ, ಅದು ತಾರಸೀಲಿದೆ ಕಣೇ. ನಾನೇ ಕಲ್ಲಲ್ಲಿ ತಟ್ಟಿ ಬಿಸಿಲಿಗಿಟ್ಟೆ. ನಿಮ್ಮ ಮಾವನ ಪಕ್ಕದಲ್ಲೇ ಇದೆ. ಓಡು."

ಸುಧಾಮಣಿ ಅತ್ತೆಯನ್ನು ದಾಟಿ ಓಡಿದಳು. ಮೇಲೆ ಹೋಗಿ ನೋಡಿದರೆ ಪವರ್ ಬ್ಯಾಂಕ್ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತ್ತು. ಹಾವು ಬುಸುಗುಟ್ಟುವಂಥ ಸದ್ದು ಬರುತ್ತಿತ್ತು. ಶ್ರೀಕಂಠಯ್ಯನವರಿಗೆ ಆ ಸದ್ದು ಕೇಳಿಸದು. ಅವರು ಆಕಾಶ ನೋಡುತ್ತಾ ಕಾಗೆ ಕಾಯುತ್ತಿದ್ದರು. ಮಾವನನ್ನು ಎಬ್ಬಿಸಿ ನಡೆಸುವಷ್ಟು ಸಮಯವಿರಲಿಲ್ಲ. ಅವಳು ಚಾಪೆಯ ಎರಡು ತುದಿ ಹಿಡಿದು, ಅವರು ಕೂತಂತೆಯೇ ದರದರ ಎಳೆದಳು.

"ಇದೇನಮ್ಮ, ನನ್ನ ಎಲ್ಲಿಗೆ ಸಾಗಿಸ್ತಿದ್ದೀಯ? ಸಂಡಿಗೆಗೆ ಕಾಗೆ ಬಂದ್ರೆ?"

ಚಾಪೆ ಬಾಗಿಲು ಮುಟ್ಟುವಷ್ಟರಲ್ಲಿ ಹಿಂದೆ ಬಿಳಿಯ ಹೊಗೆ ಚಿಮ್ಮಿತು. ಅದರ ಹಿಂದೆಯೇ ಬೆಂಕಿ. ಅವರು ಕೂತಿದ್ದ ಜಾಗದ ಮೇಲೆ ಕಿಡಿಗಳು ಸುರಿದವು. ಸಂಡಿಗೆ ಹಾಸಿದ್ದ ಪಂಚೆ ಹೊತ್ತಿ ಉರಿಯಿತು. ಮುದುಕರು ಆಗ ತಿರುಗಿ ನೋಡಿದರು. ಸೊಸೆಯ ಕೈಯನ್ನು ಹಿಡಿದವರು ಬಹಳ ಹೊತ್ತು ಬಿಡಲೇ ಇಲ್ಲ.

ರುಕ್ಮಿಣಮ್ಮ ಅರ್ಧ ಮೆಟ್ಟಿಲಲ್ಲಿ ಕೂತಿದ್ದರು, ಮುಂದೆ ಹತ್ತಲಾರದೆ. ಸೊಸೆ ಇಳಿದು ಬಂದು ಪಕ್ಕದಲ್ಲೇ ಕುಸಿದಳು. ಈಗ ಬೈಗುಳ ಬರುತ್ತದೆ ಎಂದು ಅತ್ತೆ ತಲೆ ತಗ್ಗಿಸಿದರು.

"ಊದಿದೆ, ಮುಟ್ಟಬೇಡಿ ಅಂತ ನಾನೂ ನಿಮಗೆ ಹೇಳಿರಲಿಲ್ಲ ಅತ್ತೆ" ಅಂದಳು ಸುಧಾಮಣಿ. "ಹೇಳಿದ್ರೆ ನಿಮಗೆಲ್ಲಿ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ."

ಶ್ರೀಕಂಠಯ್ಯನವರು ಮಾತ್ರ ಊಟಕ್ಕೆ ಕೂತಾಗ, ಏನೇ ಹೇಳು, ಕಾಗೆ ಒಂದೂ ಬರಲಿಲ್ಲ ಅಂದರಂತೆ.

ನೀತಿ: ವಸ್ತು ಹೊಸದಾದಾಗ ಹಳೆಯ ಅನುಭವವನ್ನು ಅದರ ಮೇಲೆ ಹೇರಬೇಡಿ, ಮೊದಲು ಕೇಳಿ. ತಿಳಿದವರು ಕೇಳುವ ಮೊದಲೇ ಹೇಳಿ. ತಪ್ಪಾಗಿಹೋದರೆ ನಾಚಿಕೆ ಬಿಟ್ಟು ಆ ಕ್ಷಣವೇ ಬಾಯಿಬಿಡಿ. ಬೆಂಕಿ ನಿಮ್ಮ ಮರ್ಯಾದೆಗಾಗಿ ಕಾಯುವುದಿಲ್ಲ.

ಇದೆಲ್ಲ ನಡೆದದ್ದು, ಎಕ್ಕದೆಲೆಯ ಸ್ನಾನ ಮಾಡಿ ರುಕ್ಮಿಣಮ್ಮ ಸೂರ್ಯನಿಗೆ ಕೈಮುಗಿದಿದ್ದ ರಥಸಪ್ತಮಿಯಂದೇ: 2025ರ ಫೆಬ್ರವರಿ 4, ಮಂಗಳವಾರ.