ಜೀರುಂಡೆಯ ಬೆನ್ನ ಮೇಲಿನ ಬೂಷ್ಟು

ಶಿಷ್ಯೆ ಕೇಳಿದಳು:

"ಗುರುಗಳೇ, ವಿದ್ಯೆ ಕೊಟ್ಟವರಲ್ಲೇ ತಪ್ಪು ಕಂಡರೆ ಏನು ಮಾಡಬೇಕು? ಹೇಳಿದರೆ ಉಪಕಾರ ಮರೆತಂತೆ. ಹೇಳದಿದ್ದರೆ ಕಲಿತದ್ದೇ ದಂಡ."

ಗುರು ಈ ಕತೆ ಹೇಳಿದರು:

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಅವರ ವಿದ್ಯೆ ಊರಿನವರಿಗೆ ನಗೆಪಾಟಲು. ಕಲ್ಲಿನ ಅಡಿಯಲ್ಲಿ, ಕೆರೆಯಂಚಿನ ಕೆಸರಿನಲ್ಲಿ ಓಡಾಡುವ ಕರಿ ಜೀರುಂಡೆಗಳ ಮೈಮೇಲೆ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ಜೀರುಂಡೆಯ ಮೈಯಿಂದಲೇ ಅದರ ಊಟ. ಆದರೆ ಅನ್ನ ಕೊಟ್ಟದ್ದನ್ನು ಅದು ಕೊಲ್ಲುವುದಿಲ್ಲ. ಬರಿಗಣ್ಣಿಗೆ ಒಂದು ರೋಮ ಅಂಟಿದಂತೆ ಕಾಣುತ್ತದೆ, ಅಷ್ಟೆ. ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಅದಕ್ಕೊಂದು ಕಾಂಡ, ಕಾಂಡದ ತುದಿಗೆ ಸೀಸೆಯಂಥ ಹೊಟ್ಟೆ. ಕಾಂಡ ಎಷ್ಟು ಉದ್ದ, ಹೊಟ್ಟೆ ಎಷ್ಟು ದಪ್ಪ ಎಂದು ನೋಡಿ, ಇದು ಇಂಥ ಜಾತಿ ಎಂದು ಗುರುತಿಸಿ ಬರೆದಿಡುವುದು ಮೇಷ್ಟ್ರ ಕೆಲಸ.

ಇಂಥ ಮೇಷ್ಟ್ರಿಗೆ ಜೀರುಂಡೆ ಮುಟ್ಟಲು ಹೆದರಿಕೆ. ಸತ್ತದ್ದನ್ನೂ ಮುಟ್ಟುತ್ತಿರಲಿಲ್ಲ. ಕಲ್ಲು ಮಗುಚಿ ಹಿಡಿದು ತರುವವಳು ಹೆಂಡತಿ ತಿಮ್ಮಾಜಮ್ಮ. ಭೂತಗನ್ನಡಿಯ ಅಡಿಯಲ್ಲಿ ಅದನ್ನು ಹಿಡಿದು ಕೂರುವವಳೂ ಅವಳೇ. ಮೇಷ್ಟ್ರು ದೂರದಿಂದ ಕೈ ಚಾಚಿ, ಸೂಜಿಯ ಮೊನೆಯಿಂದ ಬೂಷ್ಟನ್ನು ಬಿಡಿಸಿಕೊಳ್ಳುತ್ತಿದ್ದರು.

ಹೀಗಿರುವಾಗ ಜೀರುಂಡೆಯ ಕಾಲಿನ ಮೇಲೆ ಮೋಟು ಕಾಂಡದ ಒಂದು ಬೂಷ್ಟು ಸಿಕ್ಕಿತು. ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಮೇಷ್ಟ್ರು ಜೀವಮಾನದಲ್ಲಿ ಹೊಸದಾಗಿ ಕಂಡದ್ದು ಅದೊಂದೇ. ಅದರ ವಿವರ ಅಚ್ಚಿಗೆ ಹೋಗುವ ಮೊದಲೇ ತಿಮ್ಮಾಜಮ್ಮ ತೀರಿಕೊಂಡಳು. ಮೇಷ್ಟ್ರು ಆ ಬೂಷ್ಟಿಗೆ ಅವಳ ಹೆಸರಿಟ್ಟರು. ಮಕ್ಕಳಿಲ್ಲದ ಹೆಂಗಸಿನ ಹೆಸರು ಲೋಕದಲ್ಲಿ ಹಾಗೆ ಉಳಿಯಿತು. ಮೇಷ್ಟ್ರಿಗೆ ಅಷ್ಟೇ ಸಮಾಧಾನ.

ಮುಪ್ಪಿನಲ್ಲಿ ಅವರ ಕಣ್ಣಿಗೆ ಪೊರೆ ಬಂತು. ಆ ಕಾಲಕ್ಕೆ ಒಬ್ಬ ಹೆಂಗಸು ಅವರ ಬಾಗಿಲಿಗೆ ಬಂದಳು. ಶಾಲೆ ಅವಳನ್ನು ಬೇಗ ಬಿಟ್ಟಿತ್ತು, ಓದನ್ನು ಅವಳು ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿದವಳು. ಹಟಮಾರಿ.

"ಎಲ್ಲಿಯತನಕ ಓದಿದ್ದೀಯಮ್ಮ?" ಎಂದರು ಮೇಷ್ಟ್ರು.

"ಓದು ಮುಗಿದಿದ್ದರೆ ನಿಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದೆ ಮೇಷ್ಟ್ರೇ?"

"ಜೀರುಂಡೆ ಮುಟ್ಟುತ್ತೀಯಾ? ಕಚ್ಚೀತು."

"ಅದು ಕಚ್ಚಿದರೆ ನಾನೂ ಕಚ್ಚುತ್ತೇನೆ."

ಮೇಷ್ಟ್ರು ನಕ್ಕು ಒಳಗೆ ಕರೆದರು.

ಅವಳು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಹೇಳುವಳು. ಅವರು ಕಣ್ಣು ಮುಚ್ಚಿ ಕೇಳಿ ಜಾತಿ ಹೇಳುವರು. ಅವಳು ತಪ್ಪಿ ಹೇಳಿದರೆ ಗದರುವರು, ಮತ್ತೆ ನೋಡು ಎನ್ನುವರು. ಬರುಬರುತ್ತ ಅವರು ಹೇಳುವ ಮೊದಲೇ ಅವಳಿಗೆ ತಿಳಿಯತೊಡಗಿತು. ಅವಳು ಜೀರುಂಡೆಯನ್ನು ಬೆರಳಿನಿಂದ ಹಿಡಿಯುತ್ತಿರಲಿಲ್ಲ. ಚಿಮಟದಿಂದ ಒಂದು ಕಾಲಿನ ತುದಿ ಹಿಡಿದು ಎತ್ತುತ್ತಿದ್ದಳು.

ಒಂದು ಬೆಳಗ್ಗೆ ಅವಳಿಗೆ ಒಂದು ಜೀರುಂಡೆ ಸಿಕ್ಕಿತು. ಅದರ ಕಾಲಿನ ಮೇಲೆ ಮೋಟು ಬೂಷ್ಟು, ತಿಮ್ಮಾಜಮ್ಮನ ಹೆಸರಿನದು. ಬೆನ್ನಿನ ಮೇಲೆ ಉದ್ದ ಕಾಂಡದ ಇನ್ನೊಂದು. ಅದಕ್ಕೆ ದೂರದೇಶದ ಪಂಡಿತನೊಬ್ಬ ಬಹಳ ಹಿಂದೆಯೇ ಬೇರೆ ಹೆಸರಿಟ್ಟಿದ್ದ. ಆದರೆ ಕಾಲಿನ ಬುಡದಿಂದ ಪಕ್ಕೆಗೆ, ಪಕ್ಕೆಯಿಂದ ಬೆನ್ನಿಗೆ ಬೂಷ್ಟು ಸಾಲಾಗಿ ಬೆಳೆದಿತ್ತು. ಒಂದಕ್ಕಿಂತ ಒಂದು ಸ್ವಲ್ಪ ಉದ್ದ. ಒಂದು ಜಾತಿ ಇಲ್ಲಿ ಮುಗಿಯಿತು, ಇನ್ನೊಂದು ಇಲ್ಲಿ ಶುರುವಾಯಿತು ಎನ್ನುವ ಜಾಗವೇ ಇರಲಿಲ್ಲ. ಎರಡೂ ಒಂದೇ. ನಿಂತ ಜಾಗಕ್ಕೆ ತಕ್ಕಂತೆ ಬೆಳೆದಿತ್ತು.

ಒಂದೇ ಜೀವಕ್ಕೆ ಎರಡು ಹೆಸರು ಬಿದ್ದಿದ್ದರೆ ಮೊದಲಿನದು ಉಳಿಯುತ್ತದೆ. ಆಮೇಲಿನದನ್ನು ಹೊಡೆದುಹಾಕುತ್ತಾರೆ. ಆ ವಿದ್ಯೆಯ ಕಟ್ಟಳೆ ಅದು. ಹೊಡೆದುಹಾಕಬೇಕಾದದ್ದು ತಿಮ್ಮಾಜಮ್ಮನ ಹೆಸರು.

"ಏನಿದೆಯಮ್ಮ ಇವತ್ತು?" ಎಂದು ಮೇಷ್ಟ್ರು ಕೇಳಿದರು.

"ಏನೂ ಇಲ್ಲ ಮೇಷ್ಟ್ರೇ."

ಮೇಷ್ಟ್ರು ನಂಬಿದರು. ಮತ್ತೆ ನೋಡು ಎನ್ನಲಿಲ್ಲ.

ಕುಂಚದಿಂದ ಒಂದು ಸಲ ಸವರಿದರೆ ಜೀರುಂಡೆಯ ಮೈ ಚೊಕ್ಕಟವಾಗುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಕುಂಚವನ್ನು ಕೈಗೆತ್ತಿಕೊಂಡಳು. ಗದರಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ನಂಬಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಕುಂಚವನ್ನು ಕೆಳಗಿಟ್ಟು, ಕಂಡದ್ದನ್ನೆಲ್ಲ ಕಾಲಿನಿಂದ ಬೆನ್ನಿನವರೆಗೆ ಬಿಡದೆ ಹೇಳಿದಳು. ಕೊನೆಗೆ, "ಅಮ್ಮನವರ ಹೆಸರು ಹೋಗುತ್ತದೆ ಮೇಷ್ಟ್ರೇ" ಎಂದಳು.

ಮೇಷ್ಟ್ರ ಮುಖ ಕೆಂಪಾಯಿತು. "ಕೂರಿಸಿಕೊಂಡು ಕಲಿಸಿದ್ದಕ್ಕೆ ಇದೇನು ನೀನು ಕೊಡುವುದು?" ಎಂದರು.

"ಹೌದು. ನೀವು ಕಲಿಸದಿದ್ದರೆ ನನಗೆ ಇದು ಕಾಣುತ್ತಲೇ ಇರಲಿಲ್ಲ."

"ನನಗೂ ಕಣ್ಣಿತ್ತು. ಬೆನ್ನಿನ ಮೇಲೆ ಇದ್ದಿದ್ದರೆ ನನಗೇಕೆ ಕಾಣಲಿಲ್ಲ?"

ಅವಳು ತನ್ನ ಕೈಯಲ್ಲಿದ್ದ ಚಿಮಟ ನೋಡಿದಳು. ಯೋಚಿಸಿ ಕೇಳಿದಳು: "ಅಮ್ಮನವರು ಜೀರುಂಡೆಯನ್ನು ಹೇಗೆ ಹಿಡಿಯುತ್ತಿದ್ದರು?"

ಮೇಷ್ಟ್ರು ಹೆಬ್ಬೆರಳನ್ನೂ ತೋರುಬೆರಳನ್ನೂ ಗಾಳಿಯಲ್ಲಿ ಹತ್ತಿರ ತಂದರು. ಜೀರುಂಡೆಯ ಬೆನ್ನು, ಪಕ್ಕೆ ಎರಡೂ ಒಳಗೆ ಸಿಕ್ಕಿಕೊಳ್ಳುವ ಹಿಡಿತ. ಕಾಲು ಮಾತ್ರ ಹೊರಗೆ. ಆ ಎರಡು ಬೆರಳುಗಳನ್ನು ಅವರು ಮೆಲ್ಲಗೆ ಒಂದಕ್ಕೊಂದು ಉಜ್ಜಿದರು.

ಆಮೇಲೆ ಹೇಳಿದರು: "ಅವಳದೇನೂ ತಪ್ಪಿಲ್ಲ. ಗಟ್ಟಿಯಾಗಿ ಹಿಡಿಯೇ, ಇನ್ನೂ ಗಟ್ಟಿಯಾಗಿ ಹಿಡಿಯೇ ಎಂದು ಕೂಗುತ್ತಿದ್ದವನು ನಾನು. 'ಹುಳ ರೀ ಇದು, ಹುಲಿಯಲ್ಲ' ಎಂದು ನಗುತ್ತ ಅವಳು ಅದುಮಿ ಹಿಡಿಯುತ್ತಿದ್ದಳು. ಬೆನ್ನಿನ ಮೇಲಿದ್ದದ್ದೆಲ್ಲ ಅವಳ ಬೆರಳಿಗೇ ಉಜ್ಜಿಹೋಗಿರಬೇಕು."

ಆ ದಿನ ಮೇಷ್ಟ್ರು ಊಟ ಮಾಡಲಿಲ್ಲ. ಅವಳೂ ಬಲವಂತ ಮಾಡಲಿಲ್ಲ. ಮಾರನೆಯ ಬೆಳಗ್ಗೆ ಅವಳು ಬರುತ್ತಾಳೋ ಇಲ್ಲವೋ ಎಂದು ಅವರು ಬಾಗಿಲಲ್ಲೇ ಕೂತಿದ್ದರು. ಬಂದಳು. ಕಾಗದ ತೆಗೆದುಕೋ ಎಂದರು. ತಾವೇ ಹೇಳಿ ಬರೆಸಿದರು:

"ಎರಡೂ ಒಂದೇ ಜಾತಿ. ಮೊದಲಿನ ಹೆಸರೇ ಸರಿ, ನಾನಿಟ್ಟದ್ದನ್ನು ತೆಗೆಯಬೇಕು. ಜೀರುಂಡೆಯ ಬೆನ್ನು ನನಗೆ ಕಾಣಲಿಲ್ಲ, ಏಕೆಂದರೆ ಅದನ್ನು ಮುಟ್ಟಲು ನಾನು ಹೆದರುತ್ತಿದ್ದೆ. ನನಗಾಗಿ ಹಿಡಿದವಳು ನನ್ನ ಹೆಂಡತಿ ತಿಮ್ಮಾಜಮ್ಮ."

ಅವಳ ಕೈ ನಿಂತಿತು. "ಇದನ್ನೂ ಬರೆಯಬೇಕೆ?" ಎಂದಳು.

"ಬರೆ. ಕೆಳಗೆ ನಿನ್ನ ಹೆಸರು ಹಾಕು. ಕಂಡವಳು ನೀನು" ಎಂದರು ಮೇಷ್ಟ್ರು.

ಗುರು ಕತೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಪಾಪ, ಆ ಮುದುಕರಿಗೆ ಎಷ್ಟು ನೋವಾಗಿರಬೇಕು. ಅದನ್ನು ಅವರು ಹೇಗೆ ತಡೆದುಕೊಂಡರು?"

ಗುರು ಪಕ್ಕಕ್ಕೆ ಸರಿದು, ಕೂರಲು ಅವಳಿಗೆ ಜಾಗ ಮಾಡಿಕೊಟ್ಟು ಹೇಳಿದರು:

"ಅದನ್ನು ನಾನೂ ಈಗ ಕಲಿಯಬೇಕು. ಹೇಳಮ್ಮ, ನನ್ನಲ್ಲಿ ನಿನಗೆ ಕಂಡ ತಪ್ಪು ಯಾವುದು?"